ಬಾವುಟ ಏರಿಸಿದ್ದೇ ಅಪರಾಧ!

ಶಿವಪುರ ಹೇಳುವ ಹಳೇ ಕಥೆ, ಹೊಸ ಪ್ರಶ್ನೆ

ಮದ್ದೂರು: ಊರಲ್ಲಿ ಯಾರಾದರೂ ಸರ್ಕಾರದ ವಿರುದ್ಧ ನಾಲ್ಕು ಮಾತಾಡಿದರೆ ಸಾಕು, ‘ದೇಶದ್ರೋಹಿ’ ಅಂತ ಪಟ್ಟ ಕಟ್ಟುವವರು ಹೋಟೆಲ್ ಬೆಂಚಿನ ಮೇಲೇ ಸಿಗುತ್ತಾರೆ. ಅಂಥವರು ಒಮ್ಮೆ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋಗಿ ಬರಲಿ.

1938ರ ಏಪ್ರಿಲ್. ಮಂಡ್ಯ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ. ಬಾವುಟ ಏರಿಸಕೂಡದು ಅಂತ ಸರ್ಕಾರದ ಆಜ್ಞೆ. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಜಗ್ಗಲಿಲ್ಲ, ಏರಿಸಿಯೇ ಬಿಟ್ಟರು. ಪೊಲೀಸರು ಹಿಡಿದೊಯ್ದರು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಗೋಲಿಬಾರೇ ಆಯಿತು. ಸತ್ತವರು ಸರ್ಕಾರದ ಲೆಕ್ಕದಲ್ಲಿ 10, ಜನರ ಲೆಕ್ಕದಲ್ಲಿ 30ಕ್ಕೂ ಮೇಲೆ.

ಇವರೇನು ನಾಡು ಬೇಡ ಅಂದವರೆ? ಅಲ್ಲವೇ ಅಲ್ಲ. ಕೇಳಿದ್ದು ಜವಾಬ್ದಾರಿ ಸರ್ಕಾರ, ಅದೂ ಮಹಾರಾಜರ ಆಶ್ರಯದಲ್ಲೇ. ತಕರಾರಿದ್ದದ್ದು ದಿವಾನರ ಆಡಳಿತದ ಮೇಲೆ. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ರಾಜಿಯಾಯಿತು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದದ್ದು ಮೇನಲ್ಲಿ ಸಲೀಸು!

ಪಾಠ ಕಲಿತರೆ? ಕಾಂಗ್ರೆಸ್ ಹೆಸರಿನ ಸರ್ಕಾರವೇ 1975ರಲ್ಲಿ ತುರ್ತು ಪರಿಸ್ಥಿತಿ ಹೇರಿತು. ಜೂನ್ 26ರಂದು ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸೆರೆಯಾದರು. ‘ದೇಶದ ಭದ್ರತೆಗೆ ಅಪಾಯ’ ಅನ್ನಿಸಿಕೊಂಡ ಆ ವಾಜಪೇಯಿಯೇ ಮುಂದೆ ಪ್ರಧಾನಿಯಾದರು.

ಅವರ ಪಕ್ಷವೂ ಗದ್ದುಗೆ ಏರಿತು. ಆದರೆ ರಾಜದ್ರೋಹದ 124ಎ ಕಲಂ ಕೂತಲ್ಲೇ ಕೂತಿತ್ತು. ಬರೀ ಟೀಕೆ ರಾಜದ್ರೋಹವಲ್ಲ, ಹಿಂಸೆಗೆ ಚಿತಾವಣೆ ಇರಬೇಕು ಅಂತ ಸುಪ್ರೀಂ ಕೋರ್ಟು 1962ರಲ್ಲೇ ಹೇಳಿತ್ತು. ಆದರೂ 2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕಕ್ಕೂ ಅದೇ ಕೇಸು! 2023ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. 2024ರ ಜುಲೈ 1ರಿಂದ 124ಎ ಹೋಯಿತು, ಹೊಸ ಸಂಹಿತೆಯ 152ನೇ ಕಲಂ ಬಂತು. ‘ರಾಜದ್ರೋಹ’ದ ಪದ ಬಿಟ್ಟಿದ್ದಾರೆ, ಶಿಕ್ಷೆ ಜೀವಾವಧಿಯವರೆಗೂ ಉಂಟು.

ಸರ್ಕಾರವನ್ನು ಬೈದವರೆಲ್ಲ ದೇಶಭಕ್ತರು ಅಂತಲ್ಲ. ಬೈದದ್ದಕ್ಕೇ ದ್ರೋಹಿ ಆಗುವುದಿಲ್ಲ, ಅಷ್ಟೇ. ದಿವಾನರು ಹೋದರು, ಸರ್ಕಾರಗಳು ಎಷ್ಟೋ ಬಂದು ಹೋದವು, ನಾಡು ಇದ್ದಲ್ಲೇ ಇದೆ.

ಮುಂದಿನ ಆಗಸ್ಟ್ 15ಕ್ಕೆ ಸಾಹೇಬರು ಬಾವುಟಕ್ಕೆ ಸೆಲ್ಯೂಟ್ ಹೊಡೆಯುವಾಗ ಶಿವಪುರದ ಕಡೆ ಒಮ್ಮೆ ನೋಡಲಿ. ಅಂದು ಬಾವುಟದ ಹಗ್ಗ ಹಿಡಿದ ಕೈಗೆ ಬೇಡಿ ಬಿದ್ದಿತ್ತು ಸ್ವಾಮಿ!