ಎಲ್ಲಿವರೆಗೆ ಬಂತು ಹೆಡರ್?

ಕಾರ್ಕಳ–ಪಡುಬಿದ್ರಿ ರಸ್ತೆಯ ನಿಟ್ಟೆಯಲ್ಲಿ 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದಾಗ ವರ್ಲ್ಡ್ ವೈಡ್ ವೆಬ್ ಹುಟ್ಟಿರಲಿಲ್ಲ, ಜಾವಾ ಕೂಡ ಇರಲಿಲ್ಲ. ಇಂದು ಅದೇ ಊರಿನ ಹಾಸ್ಟೆಲುಗಳಲ್ಲಿ, ಮಣಿಪಾಲದ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಒಂದು ಮಾತು ಕೇಳುವುದುಂಟು: ‘ಕೋಡ್‌ನಲ್ಲಿ ಹೆಡರ್ ಹಾಕಿದ್ದೇನೆ ಮಾರಾಯ, ಬ್ರೌಸರ್‌ಗೆ ಬರುವುದೇ ಇಲ್ಲ!’

ಸರ್ವರ್ ಕಳಿಸುವ ಉತ್ತರದಲ್ಲಿ ಪುಟದ ಮುಂದೆ ಹೋಗುವ ಪುಟ್ಟ ಸಾಲುಗಳೇ ಹೆಡರ್‌ಗಳು. ಬರುತ್ತಿರುವುದು ಚಿತ್ರವೋ ಬರಹವೋ, ಎಷ್ಟು ಹೊತ್ತು ಉಳಿಸಿಕೊಳ್ಳಬಹುದು, ಯಾವ ಕುಕಿ ಇಟ್ಟುಕೊಳ್ಳಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಅವು ಕಾಣದಿದ್ದಾಗ ನಾವು ಕಟ್ಟಿಕೊಳ್ಳುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ‘ಜಾವಾ ಕೋಡ್‌ನಲ್ಲಿ ಸೆಟ್‌ಹೆಡರ್ ಕರೆದರೆ ಹೆಡರ್ ಹೋಗಿಯೇ ಹೋಗುತ್ತದೆ. ತಪ್ಪಿದ್ದರೆ ಎರರ್ ಬರಬೇಕಿತ್ತಲ್ಲ?’

ಸತ್ಯ: ಎರರ್ ಬರುವುದಿಲ್ಲ. ಎಚ್‌ಟಿಟಿಪಿಯಲ್ಲಿ ಹೆಡರ್ ಮೊದಲು, ಪುಟ ಆಮೇಲೆ. ಉತ್ತರದ ಮೊದಲ ಕಂತು ಹೊರಬಿದ್ದ ಕ್ಷಣಕ್ಕೆ ಸರ್ವ್‌ಲೆಟ್ (ಸರ್ವರ್‌ನಲ್ಲಿ ಕೋರಿಕೆಗೆ ಉತ್ತರ ಬರೆಯುವ ಜಾವಾ ಕೋಡ್) ಭಾಷೆಯಲ್ಲಿ ‘ಕಮಿಟ್’ ಎನ್ನುತ್ತಾರೆ. ಕಾರ್ಕಳ ಸ್ಟ್ಯಾಂಡಿನಿಂದ ಹೊರಟ ಬಸ್ಸಿಗೆ ಬೆಳ್ಮಣ್ಣಿನಲ್ಲಿ ಬೋರ್ಡು ಹಾಕಿದರೆ, ಅಷ್ಟರಲ್ಲಿ ಬಸ್ಸು ದಾಟಿಹೋದ ನಿಟ್ಟೆಯವರಿಗೆ ಅದರಿಂದ ಏನು ಉಪಯೋಗ? ಕಮಿಟ್ ಆದ ಮೇಲೆ ಕರೆದ ಸೆಟ್‌ಹೆಡರ್ ಅನ್ನು ಸರ್ವರ್ ಸುಮ್ಮನೆ ಕಡೆಗಣಿಸಬೇಕೆಂದು ಸರ್ವ್‌ಲೆಟ್ ನಿಯಮವೇ ಹೇಳುತ್ತದೆ. ಅದೇ ಹೊತ್ತಿನಲ್ಲಿ ಸೆಂಡ್‌ರಿಡೈರೆಕ್ಟ್ ಕರೆದು ನೋಡಿ, ‘ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಶನ್’ ಎಂದು ಬೊಬ್ಬೆ ಹಾಕುತ್ತದೆ. ಹೆಡರ್ ಸೇರಿಸುವ ಸಾಲಿನ ಮೇಲೆ ‘ಈಸ್‌ಕಮಿಟೆಡ್’ ಉತ್ತರವನ್ನು ಲಾಗ್‌ಗೆ ಬರೆಸಿ. ‘ಟ್ರೂ’ ಎಂದು ಬಂದರೆ ಆ ಸಾಲು ತಡವಾಗಿ ಓಡುತ್ತಿದೆ.

ತಪ್ಪು ಕಲ್ಪನೆ 2: ‘ಇಂಗ್ಲಿಷ್ ಪುಟಕ್ಕೆ ಹೆಡರ್ ಬರುತ್ತದೆ, ಕನ್ನಡ ಪುಟಕ್ಕೆ ಬರುವುದಿಲ್ಲ. ಜಾವಾಕ್ಕೆ ಕನ್ನಡ ಒಗ್ಗುವುದಿಲ್ಲ.’

ಸತ್ಯ: ಜಾವಾಕ್ಕೆ ಕನ್ನಡದ ಮೇಲೆ ಮುನಿಸಿಲ್ಲ. ಇದು ಬೈಟ್‌ಗಳ ಲೆಕ್ಕ. ಸರ್ವ್‌ಲೆಟ್‌ಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್ ಉತ್ತರವನ್ನು ಮೊದಲು ಒಂದು ಬಫರ್‌ನಲ್ಲಿ ಕೂಡಿಡುತ್ತದೆ. ಅದರ ಸಹಜ ಗಾತ್ರ 8192 ಬೈಟ್. ಅದು ತುಂಬಿದೊಡನೆ ಕಮಿಟ್. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ, ಅಂದರೆ ಗುಣಿತ ಚಿಹ್ನೆ, ಹಲಂತ ಚಿಹ್ನೆಗಳಿಗೂ ಸೇರಿ, ಮೂರು ಬೈಟ್ ಬೇಕು. ‘ನಿಟ್ಟೆ’ ಎಂದು ಬರೆಯಲು ಆರು ಸಂಕೇತ, 18 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಬರೀ ಐದು.

ಕಾರ್ಕಳದ ಗೊಮ್ಮಟನ ಬಗ್ಗೆ ನೀವು ಎರಡು ಭಾಷೆಯಲ್ಲಿ ಪುಟ ಮಾಡಿದ್ದೀರಿ ಎಂದುಕೊಳ್ಳಿ. ಎರಡರಲ್ಲೂ ಸುಮಾರು 4000 ಸಂಕೇತಗಳಿವೆ. ಸರ್ವ್‌ಲೆಟ್ ಪುಟವನ್ನು ಬರೆದು ಮುಗಿಸಿದ ಮೇಲೆ ಕೋರಿಕೆ, ಉತ್ತರಗಳ ದಾರಿಯಲ್ಲಿ ಕೂತ ನಿಮ್ಮ ಫಿಲ್ಟರ್ ಒಂದು ಹೆಡರ್ ಸೇರಿಸುತ್ತದೆ. ಇಂಗ್ಲಿಷ್ ಪುಟ ಬಫರ್‌ನಲ್ಲೇ ಕೂತಿದೆ, ಹೆಡರ್‌ಗೆ ಜಾಗ ಸಿಕ್ಕಿತು. ಕನ್ನಡ ಪುಟ 10,000 ಬೈಟ್ ದಾಟಿ ಆಗಲೇ ಹೊರಟಾಗಿದೆ. ಕೋಡ್ ಎರಡಕ್ಕೂ ಒಂದೇ, ತಪ್ಪೂ ಎರಡರಲ್ಲೂ ಇದೆ. ಇಂಗ್ಲಿಷಿನಲ್ಲಿ ಅದು ಅಡಗಿತ್ತು, ಕನ್ನಡದಲ್ಲಿ ಹೊರಬಿತ್ತು. ಬಫರ್ ಹಿಗ್ಗಿಸುವುದು ತಾತ್ಕಾಲಿಕ ತೇಪೆಯಷ್ಟೇ, ನಾಳೆ ಪುಟ ಇನ್ನೂ ಬೆಳೆಯುತ್ತದೆ. ಹೆಡರನ್ನು ಪುಟಕ್ಕಿಂತ ಮೊದಲೇ ಹಾಕಬೇಕು.

ಕನ್ನಡಕ್ಕೆ ನಿಜವಾಗಿ ಅಡ್ಡಿಯಾಗುವ ಒಂದು ಜಾಗ ಬೇರೆ ಇದೆ. ಡೌನ್‌ಲೋಡ್ ಆಗುವ ಕಡತಕ್ಕೆ ‘ಅಂಕಪಟ್ಟಿ’ ಎಂಬ ಹೆಸರನ್ನು ‘ಕಂಟೆಂಟ್-ಡಿಸ್ಪೊಸಿಶನ್’ ಹೆಡರ್‌ನಲ್ಲಿ ನೇರವಾಗಿ ಕನ್ನಡದಲ್ಲೇ ಬರೆದರೆ, ಟಾಮ್‌ಕ್ಯಾಟ್‌ನ ಈಚಿನ ಆವೃತ್ತಿಗಳು ಆ ಹೆಡರನ್ನೇ ಕಿತ್ತುಹಾಕಿ, ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತವೆ. ಹೆಡರ್‌ಗಳನ್ನು ಅದು ಲ್ಯಾಟಿನ್ ಅಕ್ಷರಗಳ ಹಳೆಯ ಸಂಕೇತಪಟ್ಟಿಯಲ್ಲಿ ಬರೆಯುತ್ತದೆ, ಕನ್ನಡ ಆ ಪಟ್ಟಿಯಲ್ಲಿಲ್ಲ. ಹೆಸರನ್ನು ಯುಟಿಎಫ್-8 ಶೇಕಡಾ-ಸಂಕೇತಕ್ಕೆ ತಿರುಗಿಸಿ, ನಕ್ಷತ್ರ ಚಿಹ್ನೆಯಿರುವ ‘ಫೈಲ್‌ನೇಮ್’ ಭಾಗದಲ್ಲಿಟ್ಟರೆ ಕನ್ನಡ ಹೆಸರು ಸರಿಯಾಗಿ ತಲುಪುತ್ತದೆ.

ತಪ್ಪು ಕಲ್ಪನೆ 3: ‘ಫಿಲ್ಟರ್‌ನಲ್ಲೋ ಇಂಟರ್‌ಸೆಪ್ಟರ್‌ನಲ್ಲೋ ಎಲ್ಲಿ ಬರೆದರೂ ಒಂದೇ.’

ಸತ್ಯ: ಫಿಲ್ಟರ್‌ನಲ್ಲಿ ‘ಚೈನ್.ಡುಫಿಲ್ಟರ್’ ಸಾಲಿನ ಮೇಲೆ ಬರೆದರೆ ಕ್ಷೇಮ, ಕೆಳಗೆ ಬರೆದರೆ ಅದೃಷ್ಟ. ಜಾವಾದ ಸ್ಪ್ರಿಂಗ್ ಚೌಕಟ್ಟು ಬಳಸುವವರು ಇಂಟರ್‌ಸೆಪ್ಟರ್‌ನ ‘ಪೋಸ್ಟ್‌ಹ್ಯಾಂಡಲ್’ ಎಂಬ ಹೆಸರು ನೋಡಿ ಮೋಸಹೋಗುತ್ತಾರೆ. ಜೇಸನ್ ಕಳಿಸುವ ಕಂಟ್ರೋಲರ್‌ಗಳಲ್ಲಿ ಉತ್ತರ ಅದಕ್ಕಿಂತ ಮೊದಲೇ ಕಮಿಟ್ ಆಗಿರುತ್ತದೆ, ಪುಟ ಎಷ್ಟು ಚಿಕ್ಕದಾದರೂ ಅಷ್ಟೇ. ‘ಪ್ರಿಹ್ಯಾಂಡಲ್’ ಅಥವಾ ‘ರೆಸ್ಪಾನ್ಸ್‌ಬಾಡಿಅಡ್ವೈಸ್’ ಸರಿಯಾದ ಜಾಗ. ‘ಇನ್‌ಕ್ಲೂಡ್’ ಮೂಲಕ ಒಳಸೇರಿಸಿದ ಸರ್ವ್‌ಲೆಟ್‌ಗೆ ಹೆಡರ್ ಹಾಕುವ ಅಧಿಕಾರವೇ ಇಲ್ಲ. ‘ರೀಸೆಟ್’ ಎಂಬ ಕರೆ ಪುಟದ ಜೊತೆಗೆ ಹೆಡರ್‌ಗಳನ್ನೂ ಅಳಿಸುತ್ತದೆ. ಬರೀ ಪುಟ ಅಳಿಸಬೇಕಿದ್ದರೆ ‘ರೀಸೆಟ್‌ಬಫರ್’ ಇದೆ.

ತಪ್ಪು ಕಲ್ಪನೆ 4: ‘ಟಾಮ್‌ಕ್ಯಾಟ್ ಕಳಿಸಿದ್ದೆಲ್ಲ ಹಾಗೆಯೇ ಬ್ರೌಸರ್‌ಗೆ ಮುಟ್ಟುತ್ತದೆ.’

ಸತ್ಯ: ನಡುವೆ ಎನ್‌ಜಿನ್‌ಎಕ್ಸ್‌ನಂಥ ಪ್ರಾಕ್ಸಿ ಇದ್ದರೆ ಅದಕ್ಕೂ ತನ್ನದೇ ನಿಯಮಗಳಿವೆ. ಅದರ ‘ಆಡ್_ಹೆಡರ್’ 200, 302, 304ರಂಥ ಆಯ್ದ ಉತ್ತರಗಳಿಗೆ ಮಾತ್ರ ಹೆಡರ್ ಸೇರಿಸುತ್ತದೆ. 404, 500 ಬಂದಾಗಲೂ ಬೇಕಿದ್ದರೆ ಕೊನೆಗೆ ‘ಆಲ್ವೇಸ್’ ಎಂದು ಬರೆಯಬೇಕು. ಇನ್ನೊಂದು ಬಲೆ: ಒಳಗಿನ ಬ್ಲಾಕ್‌ನಲ್ಲಿ ಒಂದೇ ಒಂದು ‘ಆಡ್_ಹೆಡರ್’ ಬರೆದರೂ ಸಾಕು, ಹೊರಗಿನ ಬ್ಲಾಕ್‌ನಲ್ಲಿ ಬರೆದವು ಯಾವುವೂ ಅಲ್ಲಿಗೆ ಇಳಿದು ಬರುವುದಿಲ್ಲ.

ಪ್ರಾಕ್ಸಿ ಇದೆ ಎಂಬ ಕಾರಣಕ್ಕೇ ಜಾವಾ ತಾನಾಗಿ ಹೆಡರ್ ಕೈಬಿಡುವುದೂ ಉಂಟು. ಸ್ಪ್ರಿಂಗ್ ಸೆಕ್ಯುರಿಟಿ ‘ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ’ ಹೆಡರನ್ನು ಎಚ್‌ಟಿಟಿಪಿಎಸ್ ಕೋರಿಕೆಗೆ ಮಾತ್ರ ಕೊಡುತ್ತದೆ. ಎಚ್‌ಟಿಟಿಪಿಎಸ್ ಪ್ರಾಕ್ಸಿಯಲ್ಲೇ ಮುಗಿದು ಒಳಗೆ ಸಾದಾ ಎಚ್‌ಟಿಟಿಪಿ ಬಂದರೆ, ಅಪ್ಲಿಕೇಶನ್ ಇದು ಸುರಕ್ಷಿತ ಕೋರಿಕೆಯಲ್ಲ ಎಂದು ಭಾವಿಸಿ ಹೆಡರ್ ಹಾಕುವುದಿಲ್ಲ. ಪ್ರಾಕ್ಸಿಯಿಂದ ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಕಳಿಸಿ, ಟಾಮ್‌ಕ್ಯಾಟ್‌ನ ‘ರಿಮೋಟ್‌ಐಪಿವಾಲ್ವ್’ ಅದನ್ನು ಓದುವಂತೆ ಮಾಡಿದರೆ ಸರಿಹೋಗುತ್ತದೆ.

ತಪ್ಪು ಕಲ್ಪನೆ 5: ‘ಜಾವಾಸ್ಕ್ರಿಪ್ಟ್‌ನಲ್ಲಿ ಹೆಡರ್ ಓದಿದಾಗ ನಲ್ ಬಂತೆಂದರೆ ಹೆಡರ್ ಬಂದಿಲ್ಲ.’

ಸತ್ಯ: ಬಂದಿರಬಹುದು, ಬ್ರೌಸರ್ ತೋರಿಸುತ್ತಿಲ್ಲ. ಪುಟ ಒಂದು ಮೂಲದಿಂದಲೂ ಮಾಹಿತಿ ಇನ್ನೊಂದು ಮೂಲದಿಂದಲೂ ಬಂದಾಗ, ಕ್ಯಾಶ್-ಕಂಟ್ರೋಲ್, ಕಂಟೆಂಟ್-ಟೈಪ್ ಮೊದಲಾದ ಏಳು ಹೆಡರ್‌ಗಳನ್ನು ಬಿಟ್ಟು ಬೇರೆಯವನ್ನು ಸ್ಕ್ರಿಪ್ಟ್ ಓದಲಾಗದು. 8080 ಮತ್ತು 3000 ಎಂಬ ಬೇರೆ ಪೋರ್ಟ್‌ಗಳೂ ಬೇರೆ ಮೂಲಗಳೇ. ಸರ್ವರ್ ‘ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್’ನಲ್ಲಿ ನಿಮ್ಮ ಹೆಡರ್‌ನ ಹೆಸರು ಹೇಳಬೇಕು. ಕುಕಿ ಸಹಿತ ಕೋರಿಕೆಯಾದರೆ ನಕ್ಷತ್ರ ಚಿಹ್ನೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಹೆಸರನ್ನೇ ಬರೆಯಬೇಕು. ‘ಸೆಟ್-ಕುಕಿ’ಯಂತೂ ಸ್ಕ್ರಿಪ್ಟ್‌ಗೆ ಯಾವತ್ತೂ ಕಾಣುವುದಿಲ್ಲ.

ತಪ್ಪು ಕಲ್ಪನೆ 6: ‘ಕಂಟೆಂಟ್-ಲೆಂಗ್ತ್ ಇಲ್ಲ ಎಂದರೆ ಏನೋ ಕೆಟ್ಟಿದೆ.’

ಸತ್ಯ: ಏನೂ ಕೆಟ್ಟಿಲ್ಲ. ಬಫರ್ ಮೀರಿದ ಪುಟದ ಒಟ್ಟು ಉದ್ದ ಸರ್ವರ್‌ಗೆ ಮೊದಲೇ ಗೊತ್ತಿರುವುದಿಲ್ಲ. ಎಚ್‌ಟಿಟಿಪಿ 1.1ರಲ್ಲಿ ಆಗ ಅದು ತುಂಡು ತುಂಡಾಗಿ ಕಳಿಸುತ್ತದೆ. ಹೆಡರ್ ಹೆಸರು ಸಣ್ಣಕ್ಷರದಲ್ಲಿ ಕಂಡರೂ ಗಾಬರಿ ಬೇಡ, ಎಚ್‌ಟಿಟಿಪಿ 2ರಲ್ಲಿ ಹೆಸರುಗಳೆಲ್ಲ ಸಣ್ಣಕ್ಷರದಲ್ಲೇ ಇರುತ್ತವೆ.

ಹುಡುಕುವ ಕ್ರಮ

ಮೊದಲು ಸರ್ವರ್ ಇರುವ ಯಂತ್ರದಲ್ಲೇ ಕೂತು ಟಾಮ್‌ಕ್ಯಾಟ್‌ನ ಪೋರ್ಟ್‌ಗೆ ನೇರವಾಗಿ ‘ಕರ್ಲ್ ಡ್ಯಾಶ್ ವಿ’ ಹೊಡೆಯಿರಿ. ದೊಡ್ಡಕ್ಷರದ ‘ಐ’ ಆಯ್ಕೆ ಬೇಡ. ಅದು ‘ಗೆಟ್’ ಬದಲು ‘ಹೆಡ್’ ಕೋರಿಕೆ ಕಳಿಸುತ್ತದೆ, ಅದಕ್ಕೆ ಅಪ್ಲಿಕೇಶನ್ ಬೇರೆ ಉತ್ತರ ಕೊಡಬಹುದು. ಜಾವಾ ಹಾಕಬೇಕಾದ ಹೆಡರ್ ಅಲ್ಲಿ ಇಲ್ಲದಿದ್ದರೆ ತಪ್ಪು ಜಾವಾ ಕೋಡ್‌ನಲ್ಲಿ (ಸಾದಾ ಎಚ್‌ಟಿಟಿಪಿಯಲ್ಲಿ ಬಾರದ ‘ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ’ಯನ್ನು ಬಿಟ್ಟು). ಇದ್ದರೆ, ಹೊರಗಿನಿಂದ ಪ್ರಾಕ್ಸಿಯ ವಿಳಾಸಕ್ಕೆ ಅದೇ ಆಜ್ಞೆ ಕೊಡಿ. ಅಲ್ಲಿಯೂ ಇದ್ದರೆ, ಕ್ಯಾಶ್ ಬಂದ್ ಮಾಡಿ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ನೋಡಿ. ಸ್ಕ್ರಿಪ್ಟ್‌ನ ಸರದಿ ಕೊನೆಗೆ.

ನಾಲ್ಕು ನಿಲ್ದಾಣ, ನಾಲ್ಕು ತಪಾಸಣೆ, ಹತ್ತು ನಿಮಿಷದ ಕೆಲಸ. ರಾತ್ರಿ ಮತ್ತೆ ಗೆಳೆಯ ಬಂದು ‘ಹೆಡರ್ ಬರುವುದೇ ಇಲ್ಲ ಮಾರಾಯ’ ಎಂದರೆ ಅವನ ಕೋಡ್ ತೆರೆಯುವ ಮೊದಲು ಕೇಳಿ: ಎಲ್ಲಿವರೆಗೆ ಬಂತು?