ನೀರಿನ ಅಭಾವ ಎದುರಿಸಲು ಪೂರ್ವಸಿದ್ಧತೆ: ಗ್ರಾಮಗಳಲ್ಲಿ ಅಂತರ್ಜಲದ ಆಟ

ಪೀಠಿಕೆ

ವಿಪತ್ತುಗಳಲ್ಲಿ ಎರಡು ಬಗೆ. ಭೂಕಂಪ, ಬೆಂಕಿ, ಪ್ರವಾಹ ಮೊದಲಾದವು ಹಠಾತ್ತನೆ ಎರಗುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪವನ್ನು ಬೀದರ್ ಜಿಲ್ಲೆಯ ಹಿರಿಯರು ಇಂದಿಗೂ ಮರೆತಿಲ್ಲ. ಇಂತಹ ವಿಪತ್ತುಗಳಿಗೆ ಸಿದ್ಧರಾಗಲು ಶಾಲೆ, ಕಚೇರಿ ಹಾಗೂ ಕಾರ್ಖಾನೆಗಳಲ್ಲಿ ಅಣಕು ಕಾರ್ಯಾಚರಣೆಗಳನ್ನು ನಡೆಸಲಾಗುತ್ತದೆ. ಎರಡನೆಯ ಬಗೆಯ ವಿಪತ್ತು ನಿಧಾನವಾಗಿ ಬರುತ್ತದೆ. ಅಂತರ್ಜಲ ಕುಸಿಯುವಾಗ ಯಾವ ಗಂಟೆಯೂ ಬಾರಿಸುವುದಿಲ್ಲ. ಕೊಳವೆಬಾವಿ ಬತ್ತಿದ ದಿನವೇ ಅದು ಅರಿವಿಗೆ ಬರುತ್ತದೆ. ಅಷ್ಟರಲ್ಲಿ ಕಬ್ಬು ಹೊಲದಲ್ಲಿರುತ್ತದೆ, ಸಾಲ ತಲೆಯ ಮೇಲಿರುತ್ತದೆ. ಈ ಬಗೆಯ ವಿಪತ್ತನ್ನು ಮುಂಚಿತವಾಗಿ ಅನುಭವಿಸಿ ನೋಡಲು ಇರುವ ಸರಳ ಸಾಧನಗಳಲ್ಲಿ ಆಟವೂ ಒಂದು.

ಬೀದರ್ ಜಿಲ್ಲೆಗೆ ಇದರ ಪ್ರಸ್ತುತತೆ

2016ರ ಏಪ್ರಿಲ್ ತಿಂಗಳಿನಲ್ಲಿ ಲಾತೂರ್ ನಗರಕ್ಕೆ ಕುಡಿಯುವ ನೀರನ್ನು ಮೀರಜ್‌ನಿಂದ ಸುಮಾರು 340 ಕಿ.ಮೀ. ದೂರ ರೈಲಿನ ಮೂಲಕ ಸಾಗಿಸಬೇಕಾಯಿತು. ಲಾತೂರ್ ಜಿಲ್ಲೆಯು ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಿಗೆ ಹೊಂದಿಕೊಂಡಿದೆ. ಮಂಜ್ರಾ ನದಿಯು ಎರಡೂ ಜಿಲ್ಲೆಗಳಲ್ಲಿ ಹರಿಯುತ್ತದೆ. ಆದುದರಿಂದ ಅಲ್ಲಿ ಒದಗಿದ ಪರಿಸ್ಥಿತಿ ಇಲ್ಲಿಗೂ ಎಚ್ಚರಿಕೆಯಾಗಿದೆ.

ಬೀದರ್ ನಗರ ಮತ್ತು ಅದರ ಅಂಚಿನ ಪ್ರದೇಶಗಳು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿವೆ. ಮಳೆಯ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಳಗಿನ ಗಟ್ಟಿಯಾದ ಕಪ್ಪು ಶಿಲೆಯ ಮೇಲೆ ನಿಲ್ಲುತ್ತದೆ. ಈ ಗುಣವನ್ನು ಅರಿತೇ ಬಹಮನಿ ಕಾಲದಲ್ಲಿ ನೌಬಾದ್‌ನ ಸುರಂಗ ಬಾವಿಯನ್ನು ನಿರ್ಮಿಸಲಾಯಿತು. ನೆಲದಡಿಯ ನೀರಿಗೆ ಹೊಲದ ಬದು ಅಡ್ಡಬರುವುದಿಲ್ಲ. ಒಬ್ಬರು ಹೆಚ್ಚು ನೀರೆತ್ತಿದರೆ ನೆರೆಯವರ ಬಾವಿಯ ನೀರು ಇಳಿಯಬಹುದು.

ಬೆಳೆಗಳ ನೀರಿನ ಅವಶ್ಯಕತೆಯಲ್ಲಿಯೂ ದೊಡ್ಡ ಅಂತರವಿದೆ. ಕಬ್ಬಿಗೆ ಬೆಳೆಯ ಪೂರ್ಣಾವಧಿಯಲ್ಲಿ ಸುಮಾರು 1,500ರಿಂದ 2,500 ಮಿ.ಮೀ. ನೀರು ಬೇಕಾಗುತ್ತದೆ. ಜೋಳಕ್ಕೆ ಸುಮಾರು 450ರಿಂದ 650 ಮಿ.ಮೀ. ಸಾಕು. ಆದರೂ ಕಬ್ಬಿನಿಂದ ಬರುವ ಆದಾಯ ರೈತರನ್ನು ಸೆಳೆಯುವುದು ಸಹಜ. ಒಬ್ಬ ರೈತರಿಗೆ ಲಾಭದಾಯಕವಾದ ನಿರ್ಧಾರ ಇಡೀ ಗ್ರಾಮಕ್ಕೆ ನಷ್ಟವಾಗುವುದು ಹೇಗೆ ಎಂಬುದನ್ನು ಭಾಷಣದಿಂದ ತಿಳಿಸುವುದು ಕಷ್ಟ; ಆಟದಲ್ಲಿ ಅದು ತಾನಾಗಿಯೇ ಕಾಣುತ್ತದೆ.

ಆಟದ ವಿಧಾನ

ಐವರು ರೈತರು ಒಂದು ಗುಂಪಾಗಿ ಕುಳಿತುಕೊಳ್ಳುವುದು. ನಡುವೆ ಒಂದು ಪಾತ್ರೆಯಲ್ಲಿ 50 ಹುಣಸೆ ಬೀಜಗಳನ್ನು ಇಡುವುದು. ಇದು ಗ್ರಾಮದ ಅಂತರ್ಜಲ. ಉದಾಹರಣೆಗೆ, ನಿಯಮಗಳು ಈ ಕೆಳಕಂಡಂತೆ ಇರಬಹುದು.

1. ಪ್ರತಿ ಸುತ್ತು ಒಂದು ವರ್ಷ. ಪ್ರತಿಯೊಬ್ಬರೂ ಜೋಳ ಅಥವಾ ಕಬ್ಬು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು.
2. ಜೋಳಕ್ಕೆ 1 ಬೀಜ ಖರ್ಚು, 2 ಅಂಕ ಆದಾಯ. ಕಬ್ಬಿಗೆ 3 ಬೀಜ ಖರ್ಚು, 5 ಅಂಕ ಆದಾಯ.
3. ವರ್ಷದ ಕೊನೆಗೆ ಮಳೆಯಿಂದ 5 ಬೀಜಗಳು ಪಾತ್ರೆಗೆ ಮರಳುತ್ತವೆ.
4. ಮೊದಲ ಬಾರಿ ಪರಸ್ಪರ ಮಾತನಾಡದೆ ಆಡುವುದು. ಎರಡನೆಯ ಬಾರಿ ಚರ್ಚಿಸಿ ಆಡುವುದು.

ಐವರೂ ಕಬ್ಬು ಬೆಳೆದರೆ ವರ್ಷಕ್ಕೆ 15 ಬೀಜ ಖರ್ಚಾಗಿ 5 ಮಾತ್ರ ಮರಳುತ್ತವೆ. ನಾಲ್ಕು ವರ್ಷಗಳಲ್ಲಿ ಪ್ರತಿಯೊಬ್ಬರಿಗೂ 20 ಅಂಕ ದೊರೆಯುತ್ತದೆ. ಐದನೆಯ ವರ್ಷ ಪಾತ್ರೆಯಲ್ಲಿ 10 ಬೀಜಗಳು ಉಳಿದಿರುತ್ತವೆ, ಬೇಕಾದುದು 15. ಐವರೂ ಜೋಳ ಬೆಳೆದರೆ ಅದೇ 20 ಅಂಕ ಗಳಿಸಲು ಹತ್ತು ವರ್ಷ ಬೇಕು. ಆದರೆ ಹತ್ತನೆಯ ವರ್ಷವೂ ಪಾತ್ರೆಯಲ್ಲಿ 50 ಬೀಜಗಳು ಇದ್ದೇ ಇರುತ್ತವೆ.

ಇಬ್ಬರು ಕಬ್ಬು ಹಾಗೂ ಮೂವರು ಜೋಳ ಬೆಳೆದರೆ ಪ್ರತಿ ವರ್ಷ 4 ಬೀಜಗಳ ಕೊರತೆ ಬೀಳುತ್ತದೆ. ಹನ್ನೆರಡನೆಯ ವರ್ಷ ಐವರಿಗೂ ಸಾಕಾಗುವಷ್ಟು ನೀರು ಉಳಿಯುವುದಿಲ್ಲ. ಮಿತವಾಗಿ ಬಳಸಿದ ಮೂವರೂ ಅದೇ ತೊಂದರೆಗೆ ಒಳಗಾಗುತ್ತಾರೆ. ಆಟದಲ್ಲಿ ವಾದವಿವಾದ ಆರಂಭವಾಗುವುದು ಬಹುಮಟ್ಟಿಗೆ ಈ ಹಂತದಲ್ಲಿಯೇ. ಆ ವಾದವಿವಾದವೇ ಆಟದ ಉದ್ದೇಶ.

ಇನ್ನೊಂದು ಸುತ್ತಿನಲ್ಲಿ ಮಳೆಯನ್ನು ಬದಲಿಸಬಹುದು. ಒಳ್ಳೆಯ ಮಳೆಯಾಗಿ 7 ಬೀಜಗಳು ಮರಳುವ ವರ್ಷ ಒಬ್ಬರು ಕಬ್ಬು ಬೆಳೆದರೂ ಪಾತ್ರೆ ಇಳಿಯುವುದಿಲ್ಲ. ಆ ಒಬ್ಬರು ಯಾರು? ಸರದಿಯನ್ನು ಹೇಗೆ ನಿಗದಿಪಡಿಸುವುದು? ಬರ ಬಿದ್ದು 2 ಬೀಜಗಳು ಮಾತ್ರ ಮರಳಿದರೆ ಯಾರು ಹಿಂದೆ ಸರಿಯಬೇಕು? ನಿಜವಾದ ಬರಗಾಲದಲ್ಲಿ ಜಗಳಕ್ಕೆ ಎಡೆಮಾಡುವ ಈ ಪ್ರಶ್ನೆಗಳನ್ನು ಯಾರ ಬಾವಿಯೂ ಬತ್ತದ ಸಮಯದಲ್ಲಿ ಸಮಾಧಾನದಿಂದ ಚರ್ಚಿಸಲು ಆಟ ಅವಕಾಶ ಕಲ್ಪಿಸುತ್ತದೆ.

ಆಂಧ್ರಪ್ರದೇಶದ ಅನುಭವ

ಈ ಮಾದರಿಯ ಆಟವನ್ನು 2010ರ ದಶಕದಲ್ಲಿ ಆಂಧ್ರಪ್ರದೇಶದ ಗ್ರಾಮಗಳಲ್ಲಿ ಆಡಿಸಿ ಅಧ್ಯಯನ ನಡೆಸಲಾಗಿದೆ. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ಸಂಶೋಧಕರು ಹಾಗೂ ಫೌಂಡೇಷನ್ ಫಾರ್ ಇಕಾಲಾಜಿಕಲ್ ಸೆಕ್ಯುರಿಟಿ ಎಂಬ ಸ್ವಯಂಸೇವಾ ಸಂಸ್ಥೆ ಇದರಲ್ಲಿ ಪಾಲ್ಗೊಂಡಿದ್ದವು. ಆಟದ ನಂತರ ಗ್ರಾಮಸ್ಥರೆಲ್ಲರನ್ನೂ ಸೇರಿಸಿ ಫಲಿತಾಂಶವನ್ನು ಚರ್ಚಿಸಲಾಯಿತು. ಸುಮಾರು ಒಂದು ವರ್ಷದ ಬಳಿಕ ಸಮೀಕ್ಷೆ ನಡೆಸಿದಾಗ, ಅದೇ ಕಾರ್ಯಕ್ರಮದ ವ್ಯಾಪ್ತಿಯಲ್ಲಿದ್ದು ಆಟವಾಡದ ಗ್ರಾಮಗಳಿಗೆ ಹೋಲಿಸಿದರೆ, ಆಟವಾಡಿದ ಗ್ರಾಮಗಳಲ್ಲಿ ನೀರಿನ ಲೆಕ್ಕದ ವಹಿಯನ್ನು ಇಡುವ ಹಾಗೂ ಅಂತರ್ಜಲ ಬಳಕೆಗೆ ನಿಯಮಗಳನ್ನು ಮಾಡಿಕೊಳ್ಳುವ ಪ್ರವೃತ್ತಿ ಗಮನಾರ್ಹವಾಗಿ ಹೆಚ್ಚಿತ್ತು. ಈ ಫಲಿತಾಂಶಗಳು 2018ರಲ್ಲಿ ಪ್ರಕಟವಾದವು.

ಇತರೆ ವಿಪತ್ತುಗಳಿಗೂ ಆಟಗಳನ್ನು ಬಳಸಲಾಗಿದೆ. 2007ರಲ್ಲಿ ಅಮೆರಿಕದಲ್ಲಿ ನಡೆದ 'ವರ್ಲ್ಡ್ ವಿದೌಟ್ ಆಯಿಲ್' ಎಂಬ ಆಟದಲ್ಲಿ ತೈಲದ ಅಭಾವ ಉಂಟಾಗಿದೆಯೆಂದು ಭಾವಿಸಿಕೊಂಡು, 32 ವಾರಗಳ ಬಿಕ್ಕಟ್ಟನ್ನು 32 ದಿನಗಳಲ್ಲಿ ಆಡಲಾಯಿತು. ಪಾಲ್ಗೊಂಡವರು ತಮ್ಮ ಊರಿನಲ್ಲಿ, ತಮ್ಮ ಮನೆಯಲ್ಲಿ ಏನಾಗಬಹುದೆಂಬುದನ್ನು ದಾಖಲಿಸಿದರು. ತಜ್ಞರ ಊಹೆಗೆ ನಿಲುಕದ ಸಣ್ಣಪುಟ್ಟ ಸಂಗತಿಗಳು ಜನರ ದಿನನಿತ್ಯದ ಅನುಭವದಿಂದ ಹೊರಬರುತ್ತವೆ ಎಂಬುದು ಇಂತಹ ಆಟಗಳ ವಿಶೇಷ.

ಆಡಿಸುವಾಗ ಗಮನಿಸಬೇಕಾದ ಅಂಶಗಳು

1. ಮಹಿಳೆಯರು ತಪ್ಪದೆ ಭಾಗವಹಿಸಬೇಕು. ಮನೆಯ ನೀರಿನ ಹೊಣೆ ಬಹುತೇಕ ಅವರ ಮೇಲಿರುವುದರಿಂದ ಕೊರತೆಯ ಮೊದಲ ಸೂಚನೆ ಅವರಿಗೇ ತಿಳಿಯುತ್ತದೆ.
2. ಕೊಳವೆಬಾವಿ ಇಲ್ಲದ ಸಣ್ಣ ರೈತರು ಹಾಗೂ ಕೃಷಿ ಕಾರ್ಮಿಕರೂ ಚರ್ಚೆಯಲ್ಲಿ ಇರಬೇಕು.
3. ಆಡಿಸುವವರು ಯಾವ ಬೆಳೆ ಸರಿಯೆಂದು ಮೊದಲೇ ಹೇಳಬಾರದು. ಲೆಕ್ಕವನ್ನು ಆಟಗಾರರೇ ಮಾಡಬೇಕು.
4. ಆಟದಲ್ಲಿ ಹೆಚ್ಚು ನೀರು ಬಳಸಿದವರನ್ನು ಹೀಯಾಳಿಸಬಾರದು. ಮಾತು ವ್ಯಕ್ತಿಯ ಮೇಲೆ ಹೊರಳದೆ ಪಾತ್ರೆಯ ಮೇಲೆಯೇ ಇರಬೇಕು.
5. ಆಟ ಮುಗಿದ ನಂತರ ಕನಿಷ್ಠ ಆಟದಷ್ಟೇ ಸಮಯವನ್ನು ಚರ್ಚೆಗೆ ಮೀಸಲಿಡಬೇಕು. ಒಮ್ಮತಕ್ಕೆ ಬಂದ ವಿಷಯಗಳನ್ನು ಗ್ರಾಮಸಭೆಯಲ್ಲಿ ಮಂಡಿಸುವುದು ಸೂಕ್ತ.

ನಗರ ಪ್ರದೇಶಗಳಲ್ಲಿ, ಉದಾಹರಣೆಗೆ ಬೀದರ್‌ನ ಚಿದ್ರಿಯಂತಹ ಬಡಾವಣೆಗಳಲ್ಲಿ, ಬೆಳೆಗಳ ಬದಲಿಗೆ ಮನೆಗಳ ನೀರಿನ ಬಳಕೆಯನ್ನು ಇಟ್ಟುಕೊಂಡು ಇದೇ ಆಟವನ್ನು ಆಡಬಹುದು. ವಾರಕ್ಕೆ ಒಂದೇ ಬಾರಿ ನೀರು ಬಂದರೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ದನಕರುಗಳಿಗೆ ಎಷ್ಟೆಷ್ಟು ಕೊಡ ಎಂಬುದನ್ನು ಶಾಲಾ ಮಕ್ಕಳೂ ಲೆಕ್ಕಹಾಕಬಲ್ಲರು.

ಆಟದ ಮಿತಿಗಳು

ಆಟದಿಂದ ಮಳೆ ಬರುವುದಿಲ್ಲ, ಬತ್ತಿದ ಬಾವಿ ತುಂಬುವುದಿಲ್ಲ. ನೈಜ ಅಂತರ್ಜಲದ ಮಟ್ಟ ಮಣ್ಣು, ಶಿಲೆ, ಮಳೆಯ ಹಂಚಿಕೆ ಮೊದಲಾದ ಅನೇಕ ಕಾರಣಗಳನ್ನು ಅವಲಂಬಿಸಿದೆ. ಕಬ್ಬನ್ನು ಕೈಬಿಡುವ ರೈತರಿಗೆ ಬೇರೆ ಬೆಳೆಗೆ ನ್ಯಾಯವಾದ ಬೆಲೆ ದೊರೆಯದಿದ್ದಲ್ಲಿ ಆಟದಲ್ಲಿ ಕಲಿತದ್ದು ಹೊಲದಲ್ಲಿ ಉಳಿಯುವುದಿಲ್ಲ. ಆದುದರಿಂದ ಕೃಷಿಹೊಂಡ, ಬದು ನಿರ್ಮಾಣ, ಹನಿ ನೀರಾವರಿ ಹಾಗೂ ಕೆರೆಗಳ ಹೂಳೆತ್ತುವಿಕೆಯಂತಹ ಕ್ರಮಗಳ ಜೊತೆಗೆ ಆಟವನ್ನು ಬಳಸಬೇಕೇ ಹೊರತು ಅವುಗಳಿಗೆ ಬದಲಾಗಿ ಅಲ್ಲ.

ಹುಣಸೆ ಬೀಜಗಳ ಪಾತ್ರೆ ಬರಿದಾದರೆ ಮತ್ತೆ ತುಂಬಿಸಿ ಹೊಸದಾಗಿ ಆಡಬಹುದು. ನೆಲದಡಿಯ ನೀರಿಗೆ ಆ ಅನುಕೂಲವಿಲ್ಲ. ಮುಂಗಾರಿಗೆ ಮುನ್ನ, ಬಿತ್ತನೆಯ ನಿರ್ಧಾರ ಇನ್ನೂ ಕೈಯಲ್ಲಿರುವಾಗಲೇ, ಗ್ರಾಮಸ್ಥರು ಒಂದು ಸಂಜೆ ಒಟ್ಟಾಗಿ ಕುಳಿತು ಈ ಲೆಕ್ಕವನ್ನು ಮಾಡಿ ನೋಡುವುದು ಉಪಯುಕ್ತ.