ಧ್ವನಿಯಿಂದ ಮುಟ್ಟಿ ನೋಡುವುದು

ಮಾವಿನ ಹಣ್ಣು ಪಕ್ವವಾಗಿದೆಯೇ ಎಂದು ತಿಳಿಯಬೇಕಾದರೆ ನಾವು ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತೇವೆ. ವೈದ್ಯರು ರೋಗಿಯ ಹೊಟ್ಟೆಯನ್ನು ಅಮುಕಿ ನೋಡುವುದೂ ಇದೇ ನ್ಯಾಯದಿಂದ. ಮೆತ್ತಗಿರಬೇಕಾದೆಡೆ ಗಡಸು ಗಂಟೊಂದು ಬೆರಳಿಗೆ ತಾಕಿದೊಡನೆ ಅವರು ಎಚ್ಚರಗೊಳ್ಳುತ್ತಾರೆ. ಆದರೆ ಮೇದೋಜೀರಕ ಗ್ರಂಥಿಯ ಬಳಿಗೆ ಬೆರಳು ಸುಳಿಯಲಾರದು. ಸುಮಾರು 15 ಸೆಂಟಿಮೀಟರ್ ಉದ್ದದ ಈ ಗ್ರಂಥಿಯು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡಗಿಕೊಂಡಿದೆ. ಅದರಲ್ಲಿ ಹುಟ್ಟಿದ ಕ್ಯಾನ್ಸರ್ ಬಹುಕಾಲ ಸುಳಿವು ಕೊಡದೆ ಬೆಳೆಯುತ್ತದೆ. ಕಾಮಾಲೆಯೋ ಕೃಶತೆಯೋ ತಲೆದೋರುವ ಹೊತ್ತಿಗೆ ಅನೇಕರ ಪಾಲಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿಹೋಗಿರುತ್ತದೆ.

ಕಿವಿಗೆ ಕೇಳಿಸದಷ್ಟು ತೀವ್ರ ಕಂಪನದ ಶ್ರವಣಾತೀತ ಧ್ವನಿ, ಎಂದರೆ ಅಲ್ಟ್ರಾಸೌಂಡ್, ಈ ಗ್ರಂಥಿಯನ್ನು ಕಾಣಲು ಒಳ್ಳೆಯ ಸಾಧನ. ಬಾಯಿಯ ಮೂಲಕ ಜಠರಕ್ಕೆ ಇಳಿಸುವ ಎಂಡೋಸ್ಕೋಪ್ ಕೊಳವೆಯ ತುದಿಯಲ್ಲಿ ಪುಟ್ಟ ಧ್ವನಿಜನಕವನ್ನು ಅಳವಡಿಸಿದರೆ, ಗ್ರಂಥಿಗೂ ಅದಕ್ಕೂ ನಡುವೆ ಹೆಚ್ಚುಕಡಮೆ ಜಠರದ ಗೋಡೆಯೊಂದೇ ಉಳಿಯುತ್ತದೆ. ಕೆಲವೇ ಮಿಲಿಮೀಟರ್ ಗಾತ್ರದ ಗಂಟೂ ಆಗ ಕಾಣಬಹುದು. ಆದರೆ ಕಂಡ ಗಂಟು ಎಂಥದು? ಇಲ್ಲಿ ಸಾಮಾನ್ಯ ಅಲ್ಟ್ರಾಸೌಂಡ್ ಚಿತ್ರವು ತೊಡರುತ್ತದೆ. ಇದರ ಕಾರಣ ಸ್ವಾರಸ್ಯವಾದುದು.

ಹಿಂಡಿದಾಗ ಗಾತ್ರ ಕುಗ್ಗದಂತೆ ತಡೆಯುವುದು ವಸ್ತುವಿನ ಒಂದು ಗುಣ. ಒತ್ತಿದಾಗ ಆಕಾರ ಕೆಡದಂತೆ ತಡೆಯುವುದು ಇನ್ನೊಂದು. ನಮ್ಮ ಮೆದು ಅಂಗಾಂಶಗಳಲ್ಲಿ ಬಹುಭಾಗ ನೀರೇ ಆದುದರಿಂದ ಮೊದಲನೆಯ ಗುಣವು ಎಲ್ಲದರಲ್ಲಿಯೂ ಸುಮಾರಾಗಿ ಒಂದೇ. ಅಂತೆಯೇ ಅವುಗಳಲ್ಲಿ ಧ್ವನಿಯ ವೇಗವೂ ಸೆಕೆಂಡಿಗೆ 1540 ಮೀಟರಿನ ಆಸುಪಾಸಿನಲ್ಲಿರುತ್ತದೆ. ಎರಡನೆಯ ಗುಣವಾದರೋ ಅಂಗಾಂಶದಿಂದ ಅಂಗಾಂಶಕ್ಕೆ ಹತ್ತಾರು, ನೂರಾರು ಪಟ್ಟು ಬೇರೆಯಾಗಬಲ್ಲುದು. ಬೆರಳು ಅರಿಯುವುದು ಈ ಎರಡನೆಯದನ್ನು. ಪ್ರತಿಧ್ವನಿಯೋ ಸಾಂದ್ರತೆಯನ್ನೂ ಮೊದಲನೆಯ ಗುಣವನ್ನೂ ಅವಲಂಬಿಸಿದೆ. ಗಂಟಿನ ಕಪ್ಪು ಛಾಯೆ ಪರದೆಯ ಮೇಲೆ ಮೂಡಿದರೂ ಅದು ಎಷ್ಟು ಗಡಸೆಂಬುದು ಆ ಚಿತ್ರದಿಂದ ತಿಳಿಯದು.

1991ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜೊನಾಥನ್ ಓಫಿರ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಅಂಗಾಂಶವನ್ನು ಕೊಂಚವೇ ಒತ್ತಬೇಕು. ಒತ್ತುವ ಮೊದಲಿನ ಪ್ರತಿಧ್ವನಿಯನ್ನು ಒತ್ತಿದ ಮೇಲಿನದರೊಡನೆ ಹೋಲಿಸಬೇಕು. ಮೆದು ಭಾಗವು ಹೆಚ್ಚು ಅಮುಕಿರುತ್ತದೆ, ಗಡಸು ಭಾಗವು ಕಡಮೆ. ಈ ವಿಧಾನಕ್ಕೆ ಎಲಾಸ್ಟೋಗ್ರಫಿ ಎಂದು ಹೆಸರು. ಮೇದೋಜೀರಕದ ವಿಷಯದಲ್ಲಿ ಒತ್ತುವ ಕೆಲಸವನ್ನು ಬಹುಮಟ್ಟಿಗೆ ನೆರೆಯ ಮಹಾಧಮನಿಯ ಮಿಡಿತವೇ ಮಾಡಿಕೊಡುತ್ತದೆ. ರೋಗಿಯ ಹೃದಯವೇ ವೈದ್ಯರ ಬೆರಳಿನ ಕೆಲಸಕ್ಕೆ ನಿಂತಂತೆ! ಗಣಕಯಂತ್ರವು ಲೆಕ್ಕ ಹಾಕಿ ಚಿತ್ರಕ್ಕೆ ಬಣ್ಣ ತುಂಬುತ್ತದೆ. ರೂಢಿಯ ಒಂದು ಕ್ರಮದಲ್ಲಿ ಗಡಸು ಭಾಗ ನೀಲಿ, ಮೆದು ಭಾಗ ಕೆಂಪು, ನಡುವಿನದು ಹಸಿರು. 2006ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಜೊವಾನೀನಿ ಮತ್ತು ಸಂಗಡಿಗರು 49 ರೋಗಿಗಳಲ್ಲಿ ಎಂಡೋಸ್ಕೋಪಿನ ಮೂಲಕ ಈ ಪರೀಕ್ಷೆ ನಡೆಸಿ ವರದಿ ಮಾಡಿದರು.

ಹಾಗಾದರೆ ನೀಲಿ ಕಂಡಲ್ಲೆಲ್ಲ ಕ್ಯಾನ್ಸರೇ? ಅಲ್ಲ. ಮೇದೋಜೀರಕದಲ್ಲಿ ನಕ್ಷತ್ರಾಕಾರದ ಒಂದು ಬಗೆಯ ಕೋಶಗಳಿವೆ. ಕ್ಯಾನ್ಸರ್ ಇವನ್ನು ಕೆರಳಿಸಿದಾಗ ಇವು ಕೊಲಾಜನ್ ಎಂಬ ನಾರನ್ನು ಹೇರಳವಾಗಿ ನೆಯ್ಯುತ್ತವೆ. ಗಡ್ಡೆಯ ಗಡಸುತನಕ್ಕೆ ಈ ನಾರು ಮುಖ್ಯ ಕಾರಣ. ಆದರೆ ಗ್ರಂಥಿಯ ದೀರ್ಘಕಾಲದ ಉರಿಯೂತದಲ್ಲಿಯೂ ಕೆರಳುವುವು ಇವೇ ಕೋಶಗಳು! ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಮದ್ಯವನ್ನೇ ಮುಟ್ಟದ ತರುಣರಲ್ಲಿಯೂ ಇಂಥ ಉರಿಯೂತ ಕಂಡುಬಂದಿರುವುದರಿಂದ ಈ ಗೊಂದಲ ನಮಗೆ ದೂರದ್ದಲ್ಲ. ಆ ರೋಗಿಗಳಲ್ಲಿ ಕ್ಯಾನ್ಸರಿನ ಭಯವೂ ಹೆಚ್ಚೆಂಬುದು ತೊಡಕನ್ನು ಇಮ್ಮಡಿಸುತ್ತದೆ.

ಯೂರೋಪಿನ ಹಲವು ಕೇಂದ್ರಗಳು ಸೇರಿ 258 ರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲಿತಾಂಶವು ಇದನ್ನೇ ತೋರಿಸಿತು. ಮಾರಕ ಗಡ್ಡೆಗಳಲ್ಲಿ 100ಕ್ಕೆ ಸುಮಾರು 93ನ್ನು ಈ ವಿಧಾನ ಗುರುತಿಸಿತು. ಮಾರಕವಲ್ಲದವುಗಳಲ್ಲಿ ಮಾತ್ರ 100ಕ್ಕೆ 34ನ್ನು ವೃಥಾ ಸಂಶಯಿಸಿತು. 15 ಮಿಲಿಮೀಟರ್ ಮೀರದ ಗಂಟುಗಳನ್ನೇ ಆರಿಸಿಕೊಂಡ 2018ರ ವರದಿಯೊಂದರಲ್ಲಿ, ಮೆದುವೆಂದು ಕಂಡವುಗಳ ಪೈಕಿ 100ಕ್ಕೆ 98ರಲ್ಲಿ ಈ ಗ್ರಂಥಿಯ ನಾಳಗಳಿಂದ ಹುಟ್ಟುವ ಪ್ರಧಾನ ಕ್ಯಾನ್ಸರ್ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ವಿಧಾನದ ನಿಜವಾದ ಬೆಲೆ ಇಲ್ಲಿದೆ: ನೀಲಿಯ ಮಾತಿಗಿಂತ ಮೆದುತನದ ಮಾತು ಹೆಚ್ಚು ನಂಬತಕ್ಕುದು.

ಗಡಸು ಗಂಟಿನ ನಿರ್ಣಯಕ್ಕೆ ಸೂಜಿಯೇ ಬೇಕು. ಅದೇ ಎಂಡೋಸ್ಕೋಪಿನ ಮೂಲಕ ತೂರಿಸಿದ ಸೂಜಿಯಿಂದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಆದರೆ ಸೂಜಿಯೂ ಗುರಿ ತಪ್ಪಬಹುದು; ನಾರಿನ ನಡುವೆ ಚದರಿದ ಕ್ಯಾನ್ಸರ್ ಕೋಶಗಳು ಅದಕ್ಕೆ ಸಿಕ್ಕದೆ ಹೋಗಬಹುದು. ಸೂಜಿಗೆ ಏನೂ ದೊರೆಯದೆ, ಚಿತ್ರ ಮಾತ್ರ ಗಡಸೆನ್ನುತ್ತಿದ್ದು, ರೋಗಲಕ್ಷಣಗಳೂ ಬಲವಾಗಿದ್ದರೆ ವೈದ್ಯರು ರೋಗಿಯನ್ನು ಮನೆಗೆ ಕಳುಹಿಸದೆ ಮತ್ತೊಮ್ಮೆ ಸೂಜಿ ಚುಚ್ಚುತ್ತಾರೆ, ಇಲ್ಲವೆ ನೇರವಾಗಿ ಶಸ್ತ್ರವೈದ್ಯರ ಬಳಿಗೆ ಕಳುಹಿಸುತ್ತಾರೆ.